ಠಾಣೆಗೆ ಹೋಗುವ ಮೊದಲು ನೀವು ಯಾರಿಗೆ ಫೋನ್ ಮಾಡುತ್ತೀರಿ?

ಮೂರನೇ ಮಹಡಿ

ನಮ್ಮ ಕೆಳಗಿನ ಮನೆಯಲ್ಲಿ ಹಿರಿಯರೊಬ್ಬರಿದ್ದಾರೆ. ಎಪ್ಪತ್ತು ದಾಟಿದೆ, ಒಬ್ಬರೇ ಇರುತ್ತಾರೆ. ಮೊನ್ನೆ ಯಾರೋ ಬ್ಯಾಂಕಿನವರೆಂದು ಹೇಳಿಕೊಂಡು ಫೋನ್ ಮಾಡಿ, ನಯವಾಗಿ ಮಾತನಾಡಿ, ಅವರ ಉಳಿತಾಯದ ಬಹುಪಾಲನ್ನು ಬಾಚಿಕೊಂಡಿದ್ದಾರೆ. ನನಗೆ ಗೊತ್ತಾಗಿದ್ದು ಮರುದಿನ ಸಂಜೆ. ದೂರು ಕೊಟ್ಟಿರಾ ಎಂದು ಕೇಳಿದೆ. "ಹಣವಂತೂ ಹೋಯಿತು. ಇನ್ನು ಅಲ್ಲಿಗೆ ಹೋಗಿ ನಾಲ್ಕು ಜನರ ಮುಂದೆ ದಡ್ಡ ಅನ್ನಿಸಿಕೊಂಡು ಬರಬೇಕೇ?" ಎಂದರು.

ರಾತ್ರಿ ಗಸ್ತಿನ ವಾಹನ ರಸ್ತೆಯಲ್ಲಿ ಹಾದುಹೋದ ಸದ್ದು ಕೇಳಿದರೆ ಒಳ್ಳೆಯ ನಿದ್ದೆ ಬರುತ್ತದೆ ಎಂದು ನನಗೆ ಹೇಳಿದವರೂ ಇವರೇ.

ಬಿಡದೆ ಒತ್ತಾಯಿಸಿದೆ. ಕೊನೆಗೆ ಒಂದು ಪ್ರಶ್ನೆ ಕೇಳಿದರು: "ನಿನಗೆ ಅಲ್ಲಿ ಯಾರಾದರೂ ಗುರುತಿನವರು ಇದ್ದಾರೇನಪ್ಪಾ?" ಅಂದಿನಿಂದ ಅದೇ ಮಾತು ತಲೆಯಲ್ಲಿ ಕೊರೆಯುತ್ತಿದೆ. ಮನೆಗೆ ಬೆಂಕಿ ಬಿದ್ದರೆ ಅಗ್ನಿಶಾಮಕ ದಳದಲ್ಲಿ ಗುರುತಿನವರು ಇದ್ದಾರೆಯೇ ಎಂದು ಯಾರೂ ಹುಡುಕುವುದಿಲ್ಲ. ಪೊಲೀಸರ ವಿಷಯದಲ್ಲಿ ಮಾತ್ರ ಮೊದಲ ಯೋಚನೆಯೇ ಅದು. ನಾಚಿಕೆಯ ಸಂಗತಿ ಎಂದರೆ, ಅವರು ಕೇಳುವ ಮೊದಲೇ ನಾನೂ ಮನಸ್ಸಿನಲ್ಲಿ ಅದೇ ಪಟ್ಟಿ ಮಾಡುತ್ತಿದ್ದೆ. ಸ್ನೇಹಿತನ ಭಾವಮೈದುನ ಇಲಾಖೆಯಲ್ಲಿದ್ದಾನೆ, ಅವನಿಗೆ ಒಂದು ಮಾತು ಹೇಳಿಸೋಣ ಎಂದು.

"ನಿಮಗೆ ಪೊಲೀಸರ ಮೇಲೆ ನಂಬಿಕೆ ಇದೆಯೇ" ಎಂದು ಕೇಳಿದರೆ ಎಲ್ಲರೂ ಏನಾದರೊಂದು ಹೇಳಿಬಿಡುತ್ತಾರೆ. ಆದ್ದರಿಂದ ಬೇರೆ ರೀತಿಯಲ್ಲಿ ಕೇಳುತ್ತೇನೆ. ಯಾರ ಹೆಸರನ್ನೂ ಹೇಳದೆ, ಯಾರನ್ನೂ ಜೊತೆಗೆ ಕರೆದುಕೊಳ್ಳದೆ, ಒಬ್ಬರೇ ಠಾಣೆಗೆ ಹೋಗುತ್ತೀರಾ?

ಅಡ್ಡಮಾತು

ಹೋಗುತ್ತೇನೆ. ಹೋಗಿದ್ದೇನೆ ಕೂಡ. ದಾಖಲೆ ಕಳೆದುಕೊಂಡಾಗ ಒಮ್ಮೆ, ಅಪಘಾತವಾದಾಗ ಒಮ್ಮೆ. ಎರಡು ಸಲವೂ ಕುಳಿತುಕೊಳ್ಳಲು ಹೇಳಿದರು, ಬರೆದುಕೊಂಡರು, ಕಳಿಸಿದರು. ಪೊಲೀಸರನ್ನು ಬೈಯುವುದು ಈಗ ಒಂದು ಫ್ಯಾಷನ್ ಆಗಿದೆ. ಬೈಯುವವರಲ್ಲಿ ಅರ್ಧದಷ್ಟು ಜನ ಠಾಣೆಯ ಬಾಗಿಲನ್ನೇ ನೋಡಿರುವುದಿಲ್ಲ.

ರಾತ್ರಿಪಾಳಿ

ಅಡ್ಡಮಾತು ಅವರೇ, ಸಂತೋಷ. ನೀವು ಗಂಡಸರು, ಓದಿದವರು, ಮಾತಿನಲ್ಲಿ ಹಿಂಜರಿಕೆ ಇಲ್ಲ ಎಂದು ಊಹಿಸುತ್ತೇನೆ. ತಪ್ಪಿದ್ದರೆ ತಿದ್ದಿ.

ನಾನು ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು. ವರ್ಷಗಳ ಹಿಂದೆ ಕೆಲಸ ಮುಗಿಸಿ ಬರುವಾಗ ಒಬ್ಬ ಹಿಂಬಾಲಿಸಿಕೊಂಡು ಬಂದ. ಅದು ಮೂರನೆಯ ಸಲ. ದೂರು ಕೊಡಲು ಹೋದೆ. ಮೇಜಿನ ಹಿಂದೆ ಕುಳಿತಿದ್ದವರು ಮೊದಲು ಕೇಳಿದ್ದು, "ಆ ಹೊತ್ತಿನಲ್ಲಿ ಅಲ್ಲೇನು ಕೆಲಸ?" ನಾನು ಸಮವಸ್ತ್ರದಲ್ಲಿಯೇ ಇದ್ದೆ. ಉತ್ತರ ಹೇಳಿದೆ, ಅವರು ತಲೆ ಎತ್ತಲಿಲ್ಲ. "ಮನೆಯವರನ್ನು ಕರೆದುಕೊಂಡು ನಾಳೆ ಬನ್ನಿ" ಎಂದರು. ಮರುದಿನ ನಾನು ಹೋಗಲಿಲ್ಲ. ಮನೆಗೆ ಹೋಗುವ ದಾರಿಯನ್ನು ಬದಲಾಯಿಸಿಕೊಂಡೆ, ಅಷ್ಟೇ.

ಇದಕ್ಕೆ ವಿರುದ್ಧವಾದದ್ದನ್ನೂ ಹೇಳಬೇಕು. ನಮ್ಮ ವಾರ್ಡಿಗೆ ಅಪಘಾತದ ರೋಗಿಗಳನ್ನು ಕರೆತರುವ ಪೊಲೀಸರಲ್ಲಿ ಕೆಲವರು ಹೆಣ್ಣುಮಕ್ಕಳ ತಲೆಯ ಮೇಲೆ ಕೈಯಿಟ್ಟು ಸಮಾಧಾನ ಹೇಳುವುದನ್ನು ನೋಡಿದ್ದೇನೆ. ಪಾಳಿ ಮುಗಿದ ಮೇಲೂ ಕಾರಿಡಾರಿನಲ್ಲಿ ಕಾದು ಕುಳಿತವರನ್ನು ನೋಡಿದ್ದೇನೆ. ಆದರೂ ಒಬ್ಬಳೇ ಹೋಗುತ್ತೀಯಾ ಎಂದು ಕೇಳಿದರೆ, ಇಲ್ಲ.

ಲೆಕ್ಕದ ಮೇಷ್ಟ್ರು

ರಾತ್ರಿಪಾಳಿ ಮೇಡಂ ಹೇಳಿದ್ದು ಅವರೊಬ್ಬರ ಮನಸ್ಸಿನ ವಿಷಯವಲ್ಲ. ವೆಸ್ಲಿ ಸ್ಕೋಗನ್ ಎಂಬ ಅಮೆರಿಕದ ಸಂಶೋಧಕರು 2006ರಲ್ಲಿ ಇದನ್ನೇ ಅಳೆದು ತೋರಿಸಿದರು. ಪೊಲೀಸರೊಂದಿಗಿನ ಒಂದು ಕೆಟ್ಟ ಅನುಭವ ಜನರ ಅಭಿಪ್ರಾಯವನ್ನು ಕೆಡಿಸುವ ಪ್ರಮಾಣವು ಒಂದು ಒಳ್ಳೆಯ ಅನುಭವ ಅದನ್ನು ಸುಧಾರಿಸುವ ಪ್ರಮಾಣಕ್ಕಿಂತ ನಾಲ್ಕರಿಂದ ಹದಿನಾಲ್ಕು ಪಟ್ಟು ಹೆಚ್ಚು. ಒಳ್ಳೆಯ ಅನುಭವದ ಪರಿಣಾಮವಂತೂ ಲೆಕ್ಕಕ್ಕೇ ಸಿಗದಷ್ಟು ಸಣ್ಣದು. ಕಾರಿಡಾರಿನಲ್ಲಿ ಕಾದು ಕುಳಿತವರ ಶ್ರಮವನ್ನೆಲ್ಲ ತಲೆ ಎತ್ತದ ಆ ಒಬ್ಬ ವ್ಯಕ್ತಿ ನುಂಗಿಹಾಕಿದ.

ಇನ್ನೊಂದು ಮಾತು. ದೇಶಗಳ ನಡುವಿನ ನಂಬಿಕೆಯ ಸಮೀಕ್ಷೆಗಳನ್ನು ಓದುವಾಗ ಎಚ್ಚರವಿರಲಿ. ಫಿನ್‌ಲೆಂಡಿನಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಜನ ಪೊಲೀಸರನ್ನು ನಂಬುತ್ತೇವೆ ಎನ್ನುತ್ತಾರೆ. ಅಲ್ಲಿ ಪೊಲೀಸ್ ಆಗಲು ಮೂರು ವರ್ಷದ ಪದವಿ ಓದಬೇಕು. ಅಮೆರಿಕದ ಹಲವು ಕಡೆ ತರಬೇತಿ ಐದಾರು ತಿಂಗಳಿಗೆ ಮುಗಿಯುತ್ತದೆ. ಆದರೆ ಬಿಗಿ ಮುಷ್ಟಿಯ ಸರ್ಕಾರಗಳಿರುವ ಕಡೆಯೂ ಸಂಖ್ಯೆ ಮೇಲಿರಬಹುದು. ಅಪರಿಚಿತನೊಬ್ಬ ಬಾಗಿಲು ತಟ್ಟಿ "ಪೊಲೀಸರನ್ನು ನಂಬುತ್ತೀರಾ" ಎಂದು ಕೇಳಿದಾಗ, ಅವನು ಯಾರ ಕಡೆಯವನೆಂದು ತಿಳಿಯದವರು ಇನ್ನೇನು ಹೇಳಿಯಾರು? ಹಾಗಾಗಿ ಮೂರನೇ ಮಹಡಿಯವರ ಪ್ರಶ್ನೆ ನನಗೆ ಹಿಡಿಸಿತು.

ನಿವೃತ್ತ ಪೇದೆ

ಮೂವತ್ತಕ್ಕೂ ಹೆಚ್ಚು ವರ್ಷ ಕೆಲಸ ಮಾಡಿ ಮನೆಗೆ ಬಂದವನು ನಾನು. ಜಗಳಕ್ಕೆ ಬಂದಿಲ್ಲ. ಮೇಜಿನ ಆಚೆ ಬದಿಯಿಂದ ಎರಡು ಮಾತು ಹೇಳುತ್ತೇನೆ.

ದೂರು ಹಿಡಿದು ಬಂದವರನ್ನು ವಾಪಸ್ ಕಳಿಸುವುದು ಸೋಮಾರಿತನದಿಂದ ಎಂದು ಜನ ತಿಳಿದಿದ್ದಾರೆ. ಒಮ್ಮೊಮ್ಮೆ ಹೌದು. ಹೆಚ್ಚಿನ ಸಲ ಕಾರಣ ಬೇರೆ. ಒಂದು ದೂರು ದಾಖಲಾದರೆ ಅದು ಅಂಕಿಯಾಗುತ್ತದೆ. ತಿಂಗಳ ಕೊನೆಗೆ ಮೇಲಿನವರ ಸಭೆ. "ಹೋದ ತಿಂಗಳು ಹನ್ನೊಂದು ಕಳ್ಳತನ, ಈ ತಿಂಗಳು ಹತ್ತೊಂಬತ್ತು, ನೀವೇನು ನಿದ್ದೆ ಮಾಡುತ್ತಿದ್ದೀರಾ?" ಎಂಬ ಪ್ರಶ್ನೆ. ಹತ್ತೊಂಬತ್ತನ್ನೂ ಪ್ರಾಮಾಣಿಕವಾಗಿ ಬರೆದುಕೊಂಡ ಅಧಿಕಾರಿ ಅಲ್ಲಿ ಬೆವರುತ್ತಾನೆ. ಎಂಟನ್ನು ಬಾಗಿಲಲ್ಲೇ ಸಾಗಹಾಕಿದವನ ಬೆನ್ನು ತಟ್ಟುತ್ತಾರೆ. ಹೀಗೆ ನಾಲ್ಕು ಸಭೆ ಕಳೆದರೆ ಸಾಕು, ಇಡೀ ಠಾಣೆ ಪಾಠ ಕಲಿಯುತ್ತದೆ. ಯಾರೂ ಬಾಯಿ ಬಿಟ್ಟು ಆದೇಶ ಕೊಡಬೇಕಾಗಿಲ್ಲ.

ಮೊದಲು ಹೋಗುವುದು ಮೊಬೈಲ್ ಕಳ್ಳತನದ ದೂರು. "ಕಳ್ಳತನ ಎಂದು ಬರೆಯಬೇಡಿ, ಕಳೆದುಹೋಗಿದೆ ಎಂದು ಬರೆಯಿರಿ" ಎಂದು ನಾನೇ ಎಷ್ಟು ಜನರಿಗೆ ಹೇಳಿದ್ದೇನೆ. ಆಗ ಅದು ತಪ್ಪೆಂದೂ ಅನ್ನಿಸುತ್ತಿರಲಿಲ್ಲ. ಸಿಗದ ವಸ್ತುವಿಗೆ ಯಾಕಿಷ್ಟು ಕಾಗದ ಎಂಬ ಲೆಕ್ಕಾಚಾರ. ಹೊರಗೆ ಹೋದವನ ತಲೆಯಲ್ಲಿ ಏನು ಓಡುತ್ತಿತ್ತು ಎಂದು ಯೋಚಿಸಿದ್ದು ನಿವೃತ್ತಿಯಾದ ಮೇಲೆ, ನನ್ನ ಮಗಳ ಫೋನ್ ಹೋದಾಗ. ಅವಳಿಗೂ ಅದೇ ಮಾತು ಹೇಳಿದರು. ನಾನು ಜೊತೆಗಿದ್ದೆ. ಯಾರೆಂದು ಹೇಳಿಕೊಳ್ಳಲಿಲ್ಲ, ಹೇಳಿಕೊಳ್ಳಬಾರದೆಂದು ಹಟ ಹಿಡಿದಿದ್ದೆ. ಅರ್ಧ ಗಂಟೆ ನಿಂತುಕೊಂಡಿದ್ದೆವು. ಕೊನೆಗೆ ಹಟ ಸೋತಿತು, ಹೇಳಿಕೊಂಡೆ. ತಕ್ಷಣ ಕುರ್ಚಿ ಬಂತು.

ಆ ಕುರ್ಚಿಯ ಮೇಲೆ ಕುಳಿತಾಗ ಆದ ಸಂಕಟವನ್ನು ಇಲ್ಲಿ ಬರೆಯಲು ಬರುವುದಿಲ್ಲ.

ಮೂರನೇ ಮಹಡಿ

ಸರ್, ಇದನ್ನು ಬರೆದದ್ದಕ್ಕೆ ವಂದನೆಗಳು. ಎರಡು ಸಲ ಓದಿದೆ.

ಕರಿಕೋಟು

ಪೇದೆ ಸಾಹೇಬರು ಹೇಳಿದ್ದು ಒಂದು ಠಾಣೆಯ ಕಥೆಯಲ್ಲ, ಒಂದು ದೇಶದ ಕಥೆಯೂ ಅಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಪೊಲೀಸ್ ತಪಾಸಣಾ ಸಂಸ್ಥೆ 2014ರಲ್ಲಿ ಠಾಣೆಗಳ ಕಡತ ತೆರೆದು ನೋಡಿತು. ಜನ ಬಂದು ಹೇಳಿದ ಅಪರಾಧಗಳಲ್ಲಿ ಸುಮಾರು ಶೇ 19ರಷ್ಟು ದಾಖಲಾಗಿರಲೇ ಇಲ್ಲ. ವರ್ಷಕ್ಕೆ ಎಂಟು ಲಕ್ಷಕ್ಕೂ ಹೆಚ್ಚು. ಲೈಂಗಿಕ ಅಪರಾಧಗಳಲ್ಲಿ ಈ ಪ್ರಮಾಣ ಶೇ 26, ಹಲ್ಲೆಯಂಥ ಹಿಂಸೆಯ ಪ್ರಕರಣಗಳಲ್ಲಿ ಶೇ 33. ಅದೇ ವರ್ಷದ ಆರಂಭದಲ್ಲಿ ಪೊಲೀಸರ ಅಪರಾಧ ಅಂಕಿಅಂಶಗಳಿಗೆ ಇದ್ದ 'ರಾಷ್ಟ್ರೀಯ ಅಂಕಿಅಂಶ' ಎಂಬ ಮಾನ್ಯತೆಯನ್ನೇ ಅಲ್ಲಿ ಹಿಂತೆಗೆದುಕೊಂಡರು.

ಭಾರತದಲ್ಲಿ ಇದೇ ರೋಗಕ್ಕೆ ಸುಪ್ರೀಂ ಕೋರ್ಟ್ 2013ರಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಔಷಧ ಬರೆದುಕೊಟ್ಟಿತು. ಮಾಹಿತಿಯಲ್ಲಿ ಸಂಜ್ಞೇಯ ಅಪರಾಧ (ಪೊಲೀಸರು ವಾರಂಟ್ ಇಲ್ಲದೆಯೇ ಬಂಧಿಸಬಹುದಾದಂಥದ್ದು) ಕಾಣಿಸುತ್ತಿದ್ದರೆ ಎಫ್‌ಐಆರ್ ದಾಖಲಿಸಲೇಬೇಕು, ಅಧಿಕಾರಿಯ ಇಷ್ಟಾನಿಷ್ಟಕ್ಕೆ ಅಲ್ಲಿ ಜಾಗವಿಲ್ಲ ಎಂದು ಐವರು ನ್ಯಾಯಮೂರ್ತಿಗಳ ಪೀಠ ಹೇಳಿತು. ಔಷಧದ ಚೀಟಿ ಇದೆ. ಕುಡಿಸುವವರು ಯಾರು ಎಂಬುದೇ ನಮ್ಮ ದಿನನಿತ್ಯದ ಕೆಲಸ. ನನ್ನ ಕಕ್ಷಿದಾರರಲ್ಲಿ ಹಲವರು ನನ್ನನ್ನು ಕರೆಯುವುದು ವಾದ ಮಾಡಲಿಕ್ಕಲ್ಲ, ಠಾಣೆಯೊಳಗೆ ಪಕ್ಕದಲ್ಲಿ ನಿಂತುಕೊಳ್ಳಲಿಕ್ಕೆ. ಕರಿಕೋಟು ಹಾಕಿಕೊಂಡವರು ಪಕ್ಕದಲ್ಲಿದ್ದರೆ ಬಹುವಚನ ಸಿಗುತ್ತದೆ ಎಂದು ಒಬ್ಬರು ಹೇಳಿದ್ದರು.

ಹಗಲುಗನಸು

ಆಧುನಿಕ ಪೊಲೀಸ್ ವ್ಯವಸ್ಥೆಯ ಪಿತಾಮಹ ರಾಬರ್ಟ್ ಪೀಲ್ 1829ರಲ್ಲೇ ಒಂಬತ್ತು ಸೂತ್ರಗಳನ್ನು ಬರೆದಿದ್ದರು. "ಪೊಲೀಸರೇ ಜನ, ಜನರೇ ಪೊಲೀಸರು" ಎಂಬುದು ಅವುಗಳಲ್ಲಿ ಒಂದು. ಅದನ್ನು ಪಾಲಿಸಿದರೆ ಸಾಕು, ಎಲ್ಲ ಸರಿಹೋಗುತ್ತದೆ.

ಲೆಕ್ಕದ ಮೇಷ್ಟ್ರು

ಒಂದು ಸಣ್ಣ ತಿದ್ದುಪಡಿ. ಪೀಲ್ 1829ರಲ್ಲಿ ಲಂಡನ್ನಿನ ಮಹಾನಗರ ಪೊಲೀಸ್ ಪಡೆ ಕಟ್ಟಿದ್ದು ನಿಜ. ಆದರೆ ಆ ಒಂಬತ್ತು ಸೂತ್ರಗಳ ಪಟ್ಟಿ ಈಗಿನ ರೂಪದಲ್ಲಿ ಅವರ ಕಾಲದ ಯಾವ ಬರಹದಲ್ಲೂ ಸಿಗುವುದಿಲ್ಲ. ಅದನ್ನು ಹಾಗೆ ಜೋಡಿಸಿಕೊಟ್ಟವರು ಇಪ್ಪತ್ತನೆಯ ಶತಮಾನದ ಇತಿಹಾಸಕಾರ ಚಾರ್ಲ್ಸ್ ರೀತ್. ಪಟ್ಟಿ ಚೆನ್ನಾಗಿದೆ, ಹೆಸರು ಮಾತ್ರ ಹಳೆಯವರದು.

ಪೀಲ್ ನಿಜವಾಗಿಯೂ ಅರ್ಥಮಾಡಿಕೊಂಡಿದ್ದ ಸಂಗತಿಯೊಂದಿದೆ. ಲಂಡನ್ನಿನ ಜನ ಹೊಸ ಪಡೆಯನ್ನು ಸೈನ್ಯವೆಂದು ಹೆದರುತ್ತಾರೆ ಎಂದು ತಿಳಿದು ಸೈನಿಕರ ಕೆಂಪು ಬಿಟ್ಟು ನೀಲಿ ಉಡುಪು ಕೊಟ್ಟರು, ಸಾಮಾನ್ಯವಾಗಿ ಬಂದೂಕು ಕೊಡಲಿಲ್ಲ.

ಕರಿಕೋಟು

ಅದು ಲಂಡನ್ನಿಗೆ ಮೇಷ್ಟ್ರೇ. ವಸಾಹತುಗಳಿಗೆ ಕಳಿಸಿದ ಮಾದರಿ ಬೇರೆ, ಐರ್ಲೆಂಡಿನಲ್ಲಿ ಬೆಳೆದ ಸಶಸ್ತ್ರ ಪಡೆಯದು. 1857ರ ದಂಗೆಯ ನಂತರ ಭಾರತಕ್ಕೆ ಬಂದ 1861ರ ಪೊಲೀಸ್ ಕಾಯ್ದೆಯ ಹಿಂದೆ ಇದ್ದದ್ದು ಜನ ಮತ್ತೆ ತಿರುಗಿಬೀಳದಂತೆ ನೋಡಿಕೊಳ್ಳುವ ಚಿಂತೆ. ಆಫ್ರಿಕ, ಏಷ್ಯದ ಅನೇಕ ದೇಶಗಳು ಸ್ವತಂತ್ರವಾದಾಗ ಬಾವುಟ ಬದಲಾಯಿತು, ಠಾಣೆಯ ಮೇಜು ಹಾಗೇ ಉಳಿಯಿತು. ಅಜ್ಜನ ಕಾಲದಲ್ಲಿ ಸಮವಸ್ತ್ರ ಕಂಡರೆ ಮಕ್ಕಳನ್ನು ಒಳಗೆ ಎಳೆದುಕೊಳ್ಳುತ್ತಿದ್ದರಂತೆ. ಆ ಹೆದರಿಕೆ ಕಾಯ್ದೆಗಿಂತ ಗಟ್ಟಿ. ತಿದ್ದುಪಡಿಗೆ ಬಗ್ಗುವುದಿಲ್ಲ.

ಅಡ್ಡಮಾತು

ಎಲ್ಲದಕ್ಕೂ ಬ್ರಿಟಿಷರನ್ನು ಹಿಡಿದು ತರುವುದು ಹಳೆಯ ಚಾಳಿ. ಹೆದರಿಕೆ ಇಲ್ಲದಿದ್ದರೆ ಕಳ್ಳರು ಸುಮ್ಮನಿರುತ್ತಾರೆಯೇ? ಪೊಲೀಸರೆಂದರೆ ಸ್ವಲ್ಪ ಭಯ ಇರಬೇಕು.

ರಾತ್ರಿಪಾಳಿ

ಇರಲಿ, ಕಳ್ಳರಿಗೆ ಇರಲಿ. ಆ ದಿನ ಹೆದರಿ ದಾರಿ ಬದಲಾಯಿಸಿದ್ದು ನಾನು. ಹಿಂಬಾಲಿಸಿದವನು ಅದೇ ರಸ್ತೆಯಲ್ಲಿ ಆರಾಮವಾಗಿ ಓಡಾಡಿಕೊಂಡಿದ್ದ.

ನಿವೃತ್ತ ಪೇದೆ

ಅಡ್ಡಮಾತು ಅವರೇ, ಪತ್ತೆಯ ಕೆಲಸ ಎಲ್ಲಿಂದ ಶುರುವಾಗುತ್ತದೆ ಎಂದು ಹೇಳುತ್ತೇನೆ. ಬೆರಳಚ್ಚು, ಕ್ಯಾಮೆರಾ, ಫೋನಿನ ದಾಖಲೆ ಎಲ್ಲ ನಂತರ ಬರುತ್ತವೆ. ಮೊದಲು ಬರುವುದು ಯಾರೋ ಒಬ್ಬರು ಬಂದು ಮೆಲ್ಲಗೆ "ಸಾರ್, ನಿನ್ನೆ ರಾತ್ರಿ ಆ ಮನೆಯ ಮುಂದೆ ಒಂದು ಗಾಡಿ ನಿಂತಿತ್ತು" ಎಂದು ಹೇಳುವುದು. ಜನ ಹೆದರಿಕೊಂಡರೆ ಆ ಗಾಡಿಯ ಸುದ್ದಿ ನನ್ನ ಮೇಜಿಗೆ ಬರುವುದಿಲ್ಲ. ಕಳ್ಳನಿಗೆ ನನ್ನನ್ನು ಕಂಡರೆ ಎಷ್ಟೇ ಭಯವಿದ್ದರೂ ಅವನು ಯಾರೆಂದೇ ನನಗೆ ಗೊತ್ತಿರುವುದಿಲ್ಲವಲ್ಲ!

ಸುಮ್ಮನೆ ಓದುವವಳು

ಬಹಳ ದಿನಗಳಿಂದ ಇಲ್ಲಿ ಓದುತ್ತೇನೆ, ಬರೆಯುವುದು ಮೊದಲ ಸಲ.

ನಮ್ಮ ತಮ್ಮ ಕಾಣೆಯಾಗಿ ಹನ್ನೊಂದು ದಿನ ಸಿಗಲಿಲ್ಲ. ಆ ಹನ್ನೊಂದು ದಿನವೂ ಒಬ್ಬ ಮಹಿಳಾ ಅಧಿಕಾರಿ ಸಂಜೆ ಫೋನ್ ಮಾಡುತ್ತಿದ್ದರು. ಹೇಳಲು ಏನೂ ಇಲ್ಲದ ದಿನವೂ ಮಾಡುತ್ತಿದ್ದರು. "ಅಕ್ಕಾ, ಇವತ್ತು ಈ ಈ ಕಡೆ ಕೇಳಿದೆವು, ಸುಳಿವು ಇಲ್ಲ, ನಾಳೆ ಮಾಡುತ್ತೇನೆ." ಇಷ್ಟೇ. ಹನ್ನೆರಡನೆಯ ದಿನ ತಮ್ಮ ತಾನಾಗಿಯೇ ಮನೆಗೆ ಬಂದ. ಹುಡುಕಾಟದಲ್ಲಿ ಅವರಿಗೆ ಏನೂ ಸಿಕ್ಕಿರಲಿಲ್ಲ ನಿಜ, ಆದರೆ ಅಮ್ಮ ಇವತ್ತಿಗೂ ದೇವರ ಮುಂದೆ ಅವರ ಹೆಸರು ಹೇಳುತ್ತಾರೆ.

ಲೆಕ್ಕದ ಮೇಷ್ಟ್ರು

ತಂಗಿ, ನೀವು ಒಂದು ದೊಡ್ಡ ಸಿದ್ಧಾಂತವನ್ನೇ ನಾಲ್ಕು ಸಾಲಿನಲ್ಲಿ ಬರೆದಿದ್ದೀರಿ. ಟಾಮ್ ಟೈಲರ್ ಎಂಬ ಮನಶ್ಶಾಸ್ತ್ರಜ್ಞರು 1990ರಿಂದ ಇದನ್ನೇ ಹೇಳುತ್ತಾ ಬಂದಿದ್ದಾರೆ. ಕಳ್ಳ ಸಿಕ್ಕನೇ, ದಂಡ ಬಿತ್ತೇ ಎನ್ನುವುದಕ್ಕಿಂತ ನನ್ನ ಮಾತನ್ನು ಕೇಳಿದರೇ, ಗೌರವ ಕೊಟ್ಟರೇ, ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೇ ಎಂಬುದರ ಮೇಲೆ ಜನ ಪೊಲೀಸರನ್ನು ಅಳೆಯುತ್ತಾರೆ.

ಇದಕ್ಕೆ ಹಳೆಯ ಪ್ರಯೋಗಗಳೂ ಇವೆ. 1972-73ರಲ್ಲಿ ಅಮೆರಿಕದ ಕ್ಯಾನ್ಸಸ್ ನಗರದಲ್ಲಿ ಕೆಲವು ಬಡಾವಣೆಗಳ ಗಸ್ತಿನ ಕಾರುಗಳನ್ನು ತೆಗೆದರು, ಕೆಲವು ಕಡೆ ಹೆಚ್ಚಿಸಿದರು. ಅಪರಾಧವೂ ಬದಲಾಗಲಿಲ್ಲ, ಜನರ ಭಾವನೆಯೂ ಬದಲಾಗಲಿಲ್ಲ. ಅದೇ ದಶಕದ ಕೊನೆಗೆ ನೆವಾರ್ಕ್‌ನಲ್ಲಿ ಪೊಲೀಸರನ್ನು ಕಾರಿನಿಂದ ಇಳಿಸಿ ನಡೆಸಿದರು. ಅಲ್ಲಿಯೂ ಅಪರಾಧ ಇಳಿಯಲಿಲ್ಲ. ಆದರೆ ಜನರ ಭಯ ಇಳಿಯಿತು, ಪೊಲೀಸರ ಬಗ್ಗೆ ಅಭಿಪ್ರಾಯ ಸುಧಾರಿಸಿತು.

ಹಗಲುಗನಸು

ಹಾಗಾದರೆ ಎಲ್ಲರ ಎದೆಗೂ ಕ್ಯಾಮೆರಾ ಸಿಕ್ಕಿಸಿದರೆ ಆಯಿತು. ಮಾತು ತಾನಾಗಿಯೇ ಮೆತ್ತಗಾಗುತ್ತದೆ.

ಲೆಕ್ಕದ ಮೇಷ್ಟ್ರು

ಕ್ಯಾಲಿಫೋರ್ನಿಯದ ರಿಯಾಲ್ಟೊ ಎಂಬ ಊರಿನಲ್ಲಿ 2012ರಲ್ಲಿ ಹಾಗೆ ಮಾಡಿದಾಗ ಪೊಲೀಸರ ಮೇಲಿನ ದೂರುಗಳು ಪಾತಾಳಕ್ಕಿಳಿದವು, ಜಗತ್ತೆಲ್ಲ ಕ್ಯಾಮೆರಾ ಕೊಳ್ಳತೊಡಗಿತು. ಆಮೇಲೆ ವಾಷಿಂಗ್ಟನ್ ನಗರದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಸಿಬ್ಬಂದಿಯ ಮೇಲೆ ಇನ್ನೂ ದೊಡ್ಡ ಪ್ರಯೋಗ ನಡೆಯಿತು. 2017ರಲ್ಲಿ ಬಂದ ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ.

ಕರಿಕೋಟು

ಕ್ಯಾಮೆರಾದ ಗುಂಡಿ ಯಾರ ಕೈಯಲ್ಲಿದೆ, ದೃಶ್ಯವನ್ನು ಯಾರು ಇಟ್ಟುಕೊಳ್ಳುತ್ತಾರೆ ಎಂಬುದನ್ನೂ ಕೇಳಬೇಕು. ನನ್ನ ಪ್ರಕರಣವೊಂದರಲ್ಲಿ ಬೇಕಾದ ಆ ಇಪ್ಪತ್ತು ನಿಮಿಷ ಮಾತ್ರ ಕ್ಯಾಮೆರಾ ಕೆಟ್ಟಿತ್ತು. ಎಂಥ ಕಾಕತಾಳೀಯ!

ನನ್ನ ಅನುಭವದಲ್ಲಿ ಜನ ತಪ್ಪನ್ನು ಕ್ಷಮಿಸುತ್ತಾರೆ. ಮುಚ್ಚಿಹಾಕಿದ್ದನ್ನು ಕ್ಷಮಿಸುವುದಿಲ್ಲ. 1989ರಲ್ಲಿ ಇಂಗ್ಲೆಂಡಿನ ಹಿಲ್ಸ್‌ಬರೊ ಕ್ರೀಡಾಂಗಣದ ನೂಕುನುಗ್ಗಲಿಗೆ ಸಿಕ್ಕಿ ಒಟ್ಟು 97 ಜನ ಸತ್ತರು. ಜನಸಂದಣಿಯನ್ನು ನಿಭಾಯಿಸುವಲ್ಲಿ ಪೊಲೀಸರು ಎಡವಿದ್ದರು. ಅಷ್ಟೇ ಆಗಿದ್ದರೆ ಒಂದು ಮಾತು. ಅವರು ಪ್ರೇಕ್ಷಕರು ಕುಡಿದಿದ್ದರು ಎಂದು ಬೆರಳು ತೋರಿಸಿದರು. ಪೊಲೀಸ್ ಸಿಬ್ಬಂದಿಯ 164 ಹೇಳಿಕೆಗಳನ್ನು ತಿದ್ದಲಾಗಿತ್ತು, ಅವುಗಳಲ್ಲಿ 116ರಿಂದ ಪೊಲೀಸರಿಗೆ ಮುಜುಗರ ತರುವ ಮಾತುಗಳನ್ನು ತೆಗೆದಿದ್ದರು ಎಂದು 2012ರಲ್ಲಿ ಸ್ವತಂತ್ರ ಸಮಿತಿ ಬಯಲು ಮಾಡಿತು. ಪ್ರೇಕ್ಷಕರ ತಪ್ಪಿಲ್ಲ ಎಂದು ವಿಚಾರಣಾ ಮಂಡಳಿ ಹೇಳುವ ಹೊತ್ತಿಗೆ 2016 ಆಗಿತ್ತು. ಇಪ್ಪತ್ತೇಳು ವರ್ಷ. ಸತ್ತ ಮಕ್ಕಳ ತಾಯಂದಿರಲ್ಲಿ ಕೆಲವರು ಆ ದಿನ ನೋಡಲು ಉಳಿದಿರಲಿಲ್ಲ.

ರಾತ್ರಿಪಾಳಿ

ಬೇಲಿಯೇ ಎದ್ದು ಹೊಲ ಮೇಯುವ ಮಾತು ಬಂದರೆ 2021ರ ಲಂಡನ್ ನೆನಪಾಗುತ್ತದೆ. ಸೇವೆಯಲ್ಲಿದ್ದ ಪೊಲೀಸನೊಬ್ಬ ತನ್ನ ಗುರುತಿನ ಚೀಟಿಯನ್ನೇ ಬಳಸಿ ಒಬ್ಬ ಯುವತಿಯನ್ನು ಕಾರಿಗೆ ಹತ್ತಿಸಿಕೊಂಡು ಕೊಂದ. ಆಮೇಲೆ ಇಲಾಖೆ ಹೆಂಗಸರಿಗೆ ಕೊಟ್ಟ ಸಲಹೆಗಳಲ್ಲಿ ಒಂದು ಏನು ಗೊತ್ತೇ? ಒಂಟಿಯಾಗಿ ಬಂದ ಪೊಲೀಸನ ಮೇಲೆ ಅನುಮಾನ ಬಂದರೆ ಕೈ ಬೀಸಿ ಬಸ್ ನಿಲ್ಲಿಸಿ ಎಂಬುದು. ಮೇಲಿನವರು "ಒಂದು ಕೊಳೆತ ಹಣ್ಣು" ಎನ್ನಬಹುದು. ಲಂಡನ್ ಪೊಲೀಸ್ ಇಲಾಖೆಯನ್ನು ಪರಿಶೀಲಿಸಿದ ಲೂಯಿಸ್ ಕೇಸಿ ಅವರು 2023ರಲ್ಲಿ ಕೊಟ್ಟ ವರದಿ ಬುಟ್ಟಿಯನ್ನೇ ನೋಡಿ ಎಂದಿತು. ಇಡೀ ಸಂಸ್ಥೆಯಲ್ಲಿಯೇ ಜನಾಂಗಭೇದವೂ ಸ್ತ್ರೀದ್ವೇಷವೂ ಇದೆ ಎಂದು ಬರೆಯಿತು.

ಅಡ್ಡಮಾತು

ಸರಿ, ಒಪ್ಪುತ್ತೇನೆ, ಸಮಸ್ಯೆ ಇದೆ. ಎಲ್ಲರನ್ನೂ ಮನೆಗೆ ಕಳಿಸಿ ಹೊಸಬರನ್ನು ತರಲು ಸಾಧ್ಯವೇ? ಅದನ್ನು ಹೇಳಿ.

ಲೆಕ್ಕದ ಮೇಷ್ಟ್ರು

ಕಳಿಸಿದ್ದಾರೆ! ಜಾರ್ಜಿಯ ಎಂಬ ಸಣ್ಣ ದೇಶದಲ್ಲಿ 2004ರಲ್ಲಿ ಲಂಚಕ್ಕೆ ಹೆಸರಾಗಿದ್ದ ಸಂಚಾರ ಪೊಲೀಸರನ್ನು ಸಾವಿರಗಟ್ಟಲೆ ಸಂಖ್ಯೆಯಲ್ಲಿ ಒಟ್ಟಿಗೇ ಕಿತ್ತುಹಾಕಿ, ಹೊಸಬರನ್ನು ಆರಿಸಿ, ಸಂಬಳ ಹೆಚ್ಚಿಸಿ, ಠಾಣೆಗಳನ್ನು ಗಾಜಿನ ಗೋಡೆಯಲ್ಲಿ ಕಟ್ಟಿದರು. ರಸ್ತೆಯ ಸಣ್ಣ ಲಂಚ ಬಹುಮಟ್ಟಿಗೆ ನಿಂತುಹೋಯಿತು. ಆದರೆ 2007ರಲ್ಲಿ ರಾಜಧಾನಿಯಲ್ಲಿ ಜನ ಸರ್ಕಾರದ ವಿರುದ್ಧ ಬೀದಿಗಿಳಿದಾಗ ಅವರ ಮೇಲೆ ಅಶ್ರುವಾಯು, ರಬ್ಬರ್ ಗುಂಡು ಹಾರಿಸಿದವರೂ ಪೊಲೀಸರೇ. ಗಾಜಿನ ಗೋಡೆಯಾಚೆ ಕಾಣುತ್ತಿದ್ದದ್ದು ಮೇಜು ಮಾತ್ರ, ಆದೇಶ ಬರುವ ಫೋನ್ ಅಲ್ಲ.

ಉತ್ತರ ಐರ್ಲೆಂಡಿನದು ನಿಧಾನದ ದಾರಿ. ಅಲ್ಲಿನ ಕ್ಯಾಥೊಲಿಕರಿಗೆ ಹಳೆಯ ಪಡೆ ತಮ್ಮದು ಅನ್ನಿಸಿರಲೇ ಇಲ್ಲ, ಅದರಲ್ಲಿ ಅವರ ಪಾಲು ಸುಮಾರು ಶೇ 8. ಪೊಲೀಸ್ ಸುಧಾರಣೆಗೆಂದು ನೇಮಿಸಿದ್ದ ಪ್ಯಾಟನ್ ಆಯೋಗದ 1999ರ ವರದಿಯ ನಂತರ, 2001ರಲ್ಲಿ ಪಡೆಯ ಹೆಸರು, ಲಾಂಛನ ಬದಲಾದವು. ಹತ್ತು ವರ್ಷ ಅರ್ಧ ಕ್ಯಾಥೊಲಿಕರು, ಅರ್ಧ ಉಳಿದವರು ಎಂಬಂತೆ ನೇಮಕಾತಿ ನಡೆದು ಆ ಪಾಲು ಶೇ 30ರ ಹತ್ತಿರ ಬಂತು. ದೂರುಗಳನ್ನು ತನಿಖೆ ಮಾಡಲು ಪೊಲೀಸರಿಗೆ ಸೇರದ ಬೇರೆಯೇ ಕಚೇರಿ ತೆರೆದರು. ಎಲ್ಲ ಸರಿಹೋಯಿತು ಎನ್ನಲಾರೆ.

ನಿವೃತ್ತ ಪೇದೆ

ಬೇರೆಯೇ ಕಚೇರಿ ಎಂಬ ಮಾತನ್ನು ನಾನು ಸೇವೆಯಲ್ಲಿದ್ದಾಗ ವಿರೋಧಿಸುತ್ತಿದ್ದೆ. ನಮ್ಮ ಕಷ್ಟ ಹೊರಗಿನವರಿಗೆ ಏನು ಗೊತ್ತು ಎಂಬ ವಾದ. ಹದಿನಾರು ಗಂಟೆ ಬಂದೋಬಸ್ತ್ ಮುಗಿಸಿ, ಊಟವಿಲ್ಲದೆ, ಮನೆಯಲ್ಲಿ ಮಗುವಿಗೆ ಜ್ವರವಿದೆ ಎಂದು ತಿಳಿದೂ ರಜೆ ಸಿಗದೆ ಮೇಜಿನ ಮುಂದೆ ಕುಳಿತವನ ಬಾಯಿಂದ ಎಂಥ ಮಾತು ಬರುತ್ತದೆ ಎಂದು ನನಗೆ ಗೊತ್ತು. ಮೇಲಿನವರಿಂದ ಏಕವಚನ ಕೇಳಿಸಿಕೊಂಡವನು ಕೆಳಗಿನವರಿಗೆ ಏಕವಚನವನ್ನೇ ಹಂಚುತ್ತಾನೆ. ರಾತ್ರಿಪಾಳಿ ಮೇಡಂಗೆ ಆದದ್ದಕ್ಕೆ ಇದು ಸಮರ್ಥನೆಯಲ್ಲ. ಅವರ ಕ್ಷಮೆ ಕೇಳಲು ನನಗೆ ಅಧಿಕಾರವಿದೆಯೋ ಇಲ್ಲವೋ ತಿಳಿಯದು.

ಮೂರನೇ ಮಹಡಿಯವರೇ, ಒಂದು ಕೆಲಸದ ಮಾತು. ಫೋನಿನಲ್ಲಿ ವಂಚಿಸಿ ತೆಗೆದ ಹಣ ಖಾತೆಯಿಂದ ಖಾತೆಗೆ ಹಾರುತ್ತಾ ಹೋಗುತ್ತದೆ. ಬ್ಯಾಂಕಿಗೂ ಪೊಲೀಸರಿಗೂ ಬೇಗ ತಿಳಿಸಿದರೆ ಎಲ್ಲೋ ಒಂದು ಕಡೆ ತಡೆಹಿಡಿಯುವ ಸಾಧ್ಯತೆ ಇರುತ್ತದೆ. ನಾವಿಲ್ಲಿ ಚರ್ಚೆ ಮಾಡುತ್ತಾ ಕುಳಿತರೆ ಅದು ಹೋಗಿಯೇ ಹೋಗುತ್ತದೆ. ಇವತ್ತೇ ಹೋಗಿ.

ಮೂರನೇ ಮಹಡಿ

ಹೋಗಿ ಬಂದೆವು. ಬ್ಯಾಂಕಿಗೆ ಮೊದಲು, ಅಲ್ಲಿಂದ ಠಾಣೆಗೆ. ಸ್ನೇಹಿತನ ಭಾವಮೈದುನನಿಗೆ ಫೋನ್ ಮಾಡಲಿಲ್ಲ. ಬೆರಳು ಎರಡು ಸಲ ಆ ಹೆಸರಿನ ಮೇಲೆ ಹೋಗಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ನಲವತ್ತು ನಿಮಿಷ ಕಾಯಿಸಿದರು. ಆಮೇಲೆ ಒಬ್ಬ ಹುಡುಗ, ಇಪ್ಪತ್ತೈದು ಇಪ್ಪತ್ತಾರು ಇರಬಹುದು, ಕರೆದು ಕೂರಿಸಿದ. ಹಿರಿಯರು ತಲೆ ತಗ್ಗಿಸಿಕೊಂಡು ಎಲ್ಲ ಹೇಳಿದರು. ಅವನು ಬರೆಯುವುದನ್ನು ನಿಲ್ಲಿಸಿ, "ಅಜ್ಜಾ, ಹೋದ ವಾರ ಬ್ಯಾಂಕ್ ಮ್ಯಾನೇಜರ್ ಒಬ್ಬರೇ ಹೀಗೆ ಮೋಸಹೋಗಿ ಬಂದಿದ್ದರು" ಎಂದ. ನಿಜವೋ, ಸಮಾಧಾನಕ್ಕೆ ಹೇಳಿದ್ದೋ ಗೊತ್ತಿಲ್ಲ. ಹಿರಿಯರು ಅಲ್ಲಿಂದ ಮುಂದೆ ತಲೆ ಎತ್ತಿ ಮಾತನಾಡಿದರು.

ಪಕ್ಕದ ಮೇಜಿನಲ್ಲಿ ಹರಿದ ಅಂಗಿಯ ಒಬ್ಬ ಮನುಷ್ಯ ನಾವು ಬರುವ ಮೊದಲಿನಿಂದಲೂ ನಿಂತಿದ್ದ. ನಾವು ಹೊರಡುವಾಗಲೂ ನಿಂತೇ ಇದ್ದ. ಅವನನ್ನು ಯಾಕೆ ಕೂರಿಸಿಲ್ಲ ಎಂದು ನಾನು ಕೇಳಲಿಲ್ಲ. ನಮ್ಮ ಕೆಲಸ ಆಗಿತ್ತಲ್ಲ.

ಕರಿಕೋಟು

ದೂರಿನ ಪ್ರತಿ ಕೊಟ್ಟರೇ? ಸಂಖ್ಯೆ, ಮೊಹರು ಇದೆಯೇ ನೋಡಿ.

ಮೂರನೇ ಮಹಡಿ

ಇದೆ ಸರ್. ಮಡಚಿ ಕನ್ನಡಕದ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಾರೆ. ಆ ಹುಡುಗ ಸೋಮವಾರ ಫೋನ್ ಮಾಡುತ್ತೇನೆ ಎಂದಿದ್ದಾನೆ.

ಸುಮ್ಮನೆ ಓದುವವಳು

ಮಾಡಿದನೇ ಎಂದು ಸೋಮವಾರ ಇಲ್ಲಿ ಬರೆಯಿರಿ.